ಸದ್ದಿಲ್ಲದ ಜಾಗವೂ ಬೇಕು, ಎದುರಿಗೇ ಕೂತು ಹಾಡುವವರೂ ಬೇಕು: ಇದೆಂಥ ಹುಚ್ಚು?

ಅಲೆಮಾರಿ ಕಿವಿ:
ಕಳೆದ ಭಾನುವಾರ ಎರಡು ಗಂಟೆ ಗುಡ್ಡ ಹತ್ತಿ ತುದಿಗೆ ಹೋದೆ. ಏದುಸಿರು ಇಳಿಯುವ ಮುಂಚೆಯೇ ಬಂಡೆಯ ಆಚೆಯಿಂದ ಧಡ್ ಧಡ್ ಎಂದು ಶುರುವಾಯಿತು. ನಾಲ್ವರು ಹುಡುಗರು, ನಡುವೆ ಒಂದು ಬ್ಲೂಟೂತ್ ಸ್ಪೀಕರ್. ಹಾಡೇನೂ ಕೆಟ್ಟದ್ದಲ್ಲ, ಮನೆಯಲ್ಲಿ ನಾನೂ ಕೇಳುವಂಥದ್ದೇ. ಆದರೂ ಮೈ ಉರಿಯಿತು. ಏನೂ ಅನ್ನದೆ, ತಂದಿದ್ದ ನೀರನ್ನೂ ಕುಡಿಯದೆ ಇಳಿದು ಬಂದೆ.

ಮನೆಯಲ್ಲಿ ಇದನ್ನೇ ಗೊಣಗುತ್ತಿದ್ದಾಗ ಅಕ್ಕ ಕೇಳಿದಳು: "ನಿನ್ನೆ ಮೂರು ಗಂಟೆ ಸಂಗೀತ ಕೇಳಿ ರಾತ್ರಿ ಹನ್ನೊಂದಕ್ಕೆ ಮನೆ ಸೇರಿದವನು ನೀನೇ ತಾನೇ? ನಿನಗೆ ಸದ್ದು ಬೇಕೋ ಬೇಡವೋ, ಮೊದಲು ಅದನ್ನು ತೀರ್ಮಾನ ಮಾಡಿಕೋ." ಉತ್ತರ ಹೊಳೆಯಲಿಲ್ಲ. ಇಲ್ಲಿಯವರನ್ನು ಕೇಳೋಣ ಎಂದುಕೊಂಡೆ. ಒಂದು, ನಿಜಕ್ಕೂ ಸದ್ದಿಲ್ಲದ ಜಾಗವನ್ನು ನೀವು ಹೇಗೆ ಹುಡುಕುತ್ತೀರಿ? ಎರಡು, ಈ ಎರಡೂ ಚಟ ಒಟ್ಟಿಗೆ ಇರುವವರು ಇನ್ನೂ ಯಾರಾದರೂ ಇದ್ದೀರಾ?

ಬೆಳಗಿನ ಜಾವ:
ಎರಡನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ, ಸಂಗೀತ ನನಗೆ ಅಷ್ಟಕ್ಕಷ್ಟೇ. ಮೊದಲನೆಯದಕ್ಕೆ ಇದೆ. ನೀವು ಹೋದದ್ದು ಭಾನುವಾರ, ಅದೂ ಗುಡ್ಡದ ತುದಿಗೆ. ಎಲ್ಲರೂ ಹೋಗುವುದು ಅಲ್ಲಿಗೇ, ಯಾಕೆಂದರೆ ಅಲ್ಲಿಂದ ಕಾಣಿಸುತ್ತದೆ. ನಿಮಗೆ ಬೇಕಾಗಿರುವುದು ನೋಟವಲ್ಲವಲ್ಲ? ತುದಿಗೆ ಇನ್ನೂರು ಹೆಜ್ಜೆ ಇರುವಾಗಲೇ ಹಾದಿ ಬಿಟ್ಟು ಹಿಂಬದಿಯ ಇಳಿಜಾರಿಗೆ ಹೊರಳಿ. ಫೋಟೊ ತೆಗೆಯಲು ಏನೂ ಸಿಗದ ಜಾಗವೇ ನಿಮ್ಮ ಜಾಗ. ನನ್ನ ಮೆಚ್ಚಿನ ಜಾಗ ಒಂದು ಒಣ ಹಳ್ಳ. ಯಾರಿಗೂ ತೋರಿಸಿ ಹೊಗಳಿಸಿಕೊಳ್ಳುವಂಥದ್ದಲ್ಲ. ಕುರುಚಲು ಗಿಡ, ಉರುಟು ಕಲ್ಲು, ಅಷ್ಟೇ. ಹದಿಮೂರು ವರ್ಷದಿಂದ ಹೋಗುತ್ತಿದ್ದೇನೆ, ಎದುರಾದವರು ಇಬ್ಬರೇ. ಅವರಲ್ಲಿ ಒಬ್ಬರು ದಾರಿ ತಪ್ಪಿದ್ದರು.

ಇನ್ನು ಹೊತ್ತು. ಬೆಳಕು ಹರಿಯುವ ಮುಂಚೆ ಹೋಗಿ. ಆಗ ಜಗತ್ತೇ ನಿಶ್ಶಬ್ದ.

ಡೆಸಿಬಲ್:
ಬೆಳಗಿನ ಜಾವ ಅವರೇ, ನಿಮ್ಮ ಹೆಸರಿಗೆ ಕುಂದು ತರುತ್ತಿದ್ದೇನೆ, ಕ್ಷಮಿಸಿ. ಬೆಳಕು ಹರಿಯುವ ಮುಂಚೆ ಜನ ಇರುವುದಿಲ್ಲ, ನಿಜ. ಆದರೆ ದೂರದ ಸದ್ದು ಅತಿ ಹೆಚ್ಚು ಕೇಳಿಸುವುದೂ ಆಗಲೇ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ನೆಲ ತಣ್ಣಗಾಗಿ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಸದ್ದಿನ ವೇಗ ಹೆಚ್ಚು. ಹಾಗಾಗಿ ಮೇಲಕ್ಕೆ ಹೊರಟ ಸದ್ದು ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಹಗಲಿಡೀ ಕೇಳಿಸದ ರೈಲು ನಡುರಾತ್ರಿ ಹಿತ್ತಲಲ್ಲೇ ಹಾದುಹೋದಂತೆ ಅನ್ನಿಸುವುದು ಇದಕ್ಕೇ. ಬಿಸಿಲು ಬಿದ್ದು ನೆಲ ಕಾದರೆ ಇದು ತಲೆಕೆಳಗಾಗುತ್ತದೆ, ಸದ್ದು ಮೇಲಕ್ಕೆ ಬಾಗಿ ನಿಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಹೆದ್ದಾರಿ ಹತ್ತಿರವಿದ್ದರೆ ಸೂರ್ಯ ಹುಟ್ಟಿ ಒಂದೆರಡು ಗಂಟೆಯಾದ ಮೇಲಿನ ಹೊತ್ತನ್ನು ಪರೀಕ್ಷಿಸಿ ನೋಡಿ.

ದೂರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದೇ ಕಡೆಯಿಂದ ಹೊರಡುವ ಸದ್ದು, ಒಂದು ಪಂಪ್ ಎನ್ನಿ, ನೀವು ಎರಡು ಪಟ್ಟು ದೂರ ಹೋದಾಗ 6 ಡೆಸಿಬಲ್ ಇಳಿಯುತ್ತದೆ. ಹೆದ್ದಾರಿ ಹಾಗಲ್ಲ. ಅದು ಉದ್ದಕ್ಕೂ ಸದ್ದು ಮಾಡುವ ಗೆರೆ. ಎರಡು ಪಟ್ಟು ದೂರ ಹೋದರೂ ಇಳಿಯುವುದು ಸುಮಾರು 3 ಡೆಸಿಬಲ್ ಮಾತ್ರ. ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು. ಅಂದರೆ ರಸ್ತೆಯಿಂದ ದೂರ ಓಡುವುದಕ್ಕಿಂತ ನಡುವೆ ಒಂದು ದಿಬ್ಬ ಸಿಗುವಂತೆ ನೋಡಿಕೊಳ್ಳುವುದು ಲಾಭ. ಮರಗಳನ್ನು ನಂಬಬೇಡಿ. ಒಂದೆರಡು ಸಾಲು ಮರ ರಸ್ತೆಯನ್ನು ಮರೆ ಮಾಡುತ್ತದೆ, ಸದ್ದನ್ನಲ್ಲ.

ಬೆಳಗಿನ ಜಾವ:
ಓಹೋ. ನನ್ನ ಒಣ ಹಳ್ಳ ಏಕೆ ಅಷ್ಟು ತೆಪ್ಪಗಿರುತ್ತದೆ ಎಂಬುದು ಹದಿಮೂರು ವರ್ಷದ ಮೇಲೆ ಇವತ್ತು ತಿಳಿಯಿತು. ಎರಡೂ ಬದಿಗೆ ಮಣ್ಣಿನ ಗೋಡೆ ಇದೆ! ಹೆಸರು ಮಾತ್ರ ಬದಲಾಯಿಸುವುದಿಲ್ಲ.

ಪೆಟ್ಟಿಗೆ ಹೊತ್ತವನು:
ಆ ನಾಲ್ವರಲ್ಲಿ ನಾನಿರಲಿಲ್ಲ. ಇರಬಹುದಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಎರಡು ಕೋಣೆಯ ಮನೆ, ಆರು ಜನ. ಅಪ್ಪನಿಗೆ ರಾತ್ರಿ ಪಾಳಿ, ಹಗಲು ಮಲಗುತ್ತಾರೆ. ಹಾಡನ್ನು ಗಟ್ಟಿಯಾಗಿ ಹಾಕಿ, ಗೆಳೆಯರ ಜೊತೆ ಬಾಯಿ ಬಿಟ್ಟು ಹಾಡಿಕೊಳ್ಳಲು ನಮಗೆ ಇರುವುದು ಗುಡ್ಡ ಒಂದೇ. ಇಯರ್‌ಫೋನ್ ಹಾಕಿಕೊಳ್ಳಿ ಎಂದು ಸುಲಭವಾಗಿ ಹೇಳುತ್ತೀರಿ. ನಾಲ್ವರು ನಾಲ್ಕು ಇಯರ್‌ಫೋನ್ ಹಾಕಿಕೊಂಡು ಕೂತರೆ ಅದು ಗೆಳೆತನವೋ, ಆಸ್ಪತ್ರೆಯಲ್ಲಿ ಸರದಿಗೆ ಕಾಯುವುದೋ? ನಿಮಗೆ ಮೌನ ಬೇಕಾದಂತೆ ನಮಗೆ ಗದ್ದಲ ಬೇಕು. ಇಬ್ಬರೂ ಊರು ತಾಳಲಾರದೆ ಓಡಿ ಬಂದವರೇ.

ತಂತಿ ಬಿರಡೆ:
ಅಲೆಮಾರಿ ಕಿವಿಯವರು ಇದಕ್ಕೆ ಉತ್ತರ ಕೊಡುವ ಮುಂಚೆ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳುತ್ತೇನೆ. ನಾನು ಪಿಟೀಲು ನುಡಿಸುತ್ತೇನೆ, ಅಭ್ಯಾಸಕ್ಕೆ ನಾನೂ ಹೋಗುವುದು ಊರ ಹೊರಗಿನ ಬಯಲಿಗೇ. ಮೂವತ್ತು ವರ್ಷದ ಹಿಂದೆ ನೆರೆಮನೆಯವರು ಬಂದು, "ದಿನವೂ ಒಂದೇ ಸಾಲನ್ನು ಎಷ್ಟು ಸಲ ಕೊಯ್ಯುತ್ತೀರಿ?" ಎಂದು ಕೇಳಿದ್ದರು. ಕೊಯ್ಯುವುದು ಎಂಬ ಮಾತು ಎದೆಗೆ ನಾಟಿತು. ಅಂದಿನಿಂದ ಪೆಟ್ಟಿಗೆ ಹೊತ್ತು ಹೋಗುವವರಲ್ಲಿ ನಾನೂ ಒಬ್ಬ, ನನ್ನ ಪೆಟ್ಟಿಗೆಯೊಳಗೆ ಪಿಟೀಲು ಇರುತ್ತದೆ, ಅಷ್ಟೇ ವ್ಯತ್ಯಾಸ. ನನ್ನಿಂದ ಎಷ್ಟು ಜನ ನೀರು ಕುಡಿಯದೆ ಗುಡ್ಡ ಇಳಿದಿದ್ದಾರೋ ಬಲ್ಲವರಾರು.

ಬಯಲಲ್ಲಿ ನುಡಿಸುವುದು ಸುಖ ಎಂದುಕೊಳ್ಳಬೇಡಿ. ಗೋಡೆ ಇಲ್ಲದಿದ್ದರೆ ನಾದ ತಿರುಗಿ ಬರುವುದಿಲ್ಲ. ಬಿಲ್ಲು ಎಳೆದ ಕೂಡಲೇ ಯಾರೋ ಅದನ್ನು ಕಿತ್ತುಕೊಂಡು ಹೋದಂತಾಗುತ್ತದೆ. ಮೊದಲ ತಿಂಗಳು ನನ್ನ ಪಿಟೀಲು ಕೆಟ್ಟುಹೋಗಿದೆ ಎಂದೇ ತಿಳಿದಿದ್ದೆ. ಆಮೇಲೆ ದೊಡ್ಡ ಬಂಡೆಯೊಂದಕ್ಕೆ ಬೆನ್ನು ಕೊಟ್ಟು ಕೂರಲು ಕಲಿತೆ. ಬಿಸಿಲೇರಿದರೆ ಇನ್ನೊಂದು ಪಾಡು. ಲೋಹದ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಜೊತೆಗೆ ಕೊಳಲಿನವರಿದ್ದರೆ ಅವರ ಶ್ರುತಿ ಏರುತ್ತದೆ, ಕೊಳವೆಯೊಳಗಿನ ಗಾಳಿ ಕಾದಷ್ಟೂ ಸದ್ದಿನ ವೇಗ ಹೆಚ್ಚುತ್ತದಲ್ಲ. ನಾನು ಇಳಿಯುವುದು, ಅವರು ಏರುವುದು. ಅರ್ಧ ಗಂಟೆಯಲ್ಲಿ ಇಬ್ಬರೂ ಬೇರೆ ಬೇರೆ ಊರಿನಲ್ಲಿರುತ್ತೇವೆ.

ಅಲೆಮಾರಿ ಕಿವಿ:
ಪೆಟ್ಟಿಗೆ ಹೊತ್ತವರೇ, ನಿಮ್ಮ ಮಾತಿಗೆ ಎರಡು ದಿನ ಉತ್ತರ ಹುಡುಕಿದೆ. ಜಾಗ ಇಲ್ಲದವರ ಕಷ್ಟ ಒಪ್ಪಿದೆ. ಆದರೆ ಒಂದು ವ್ಯತ್ಯಾಸ ಇದೆ. ನನ್ನ ಮೌನ ನಿಮ್ಮ ಹಾಡನ್ನು ಕೆಡಿಸಲಾರದು, ನಿಮ್ಮ ಹಾಡು ನನ್ನ ಮೌನವನ್ನು ಕೆಡಿಸುತ್ತದೆ. ಹಾಗಾಗಿ ಮುಲಾಜು ನಿಮ್ಮ ಕಡೆಯಿಂದ ಸ್ವಲ್ಪ ಹೆಚ್ಚಿರಬೇಕು. ಸ್ಪೀಕರ್ ಬೇಡ ಎನ್ನುವುದಿಲ್ಲ, ನಿಮ್ಮ ವೃತ್ತದಿಂದ ಆಚೆಗೆ ಕೇಳಿಸದಷ್ಟು ಇರಲಿ.

ಪೆಟ್ಟಿಗೆ ಹೊತ್ತವನು:
ಒಪ್ಪುತ್ತೇನೆ, ಅರ್ಧಕ್ಕೆ. ಆ ದಿನ ನೀವು ಹತ್ತಿರ ಬಂದು ಒಂದು ಮಾತು ಹೇಳಿದ್ದರೆ ಆ ಹುಡುಗರು ಸದ್ದು ಇಳಿಸುತ್ತಿದ್ದರೋ ಏನೋ. ಮುಖ ಗಂಟಿಕ್ಕಿಕೊಂಡು ಇಳಿದು ಹೋಗುವವರನ್ನು ನಾವೂ ನೋಡಿದ್ದೇವೆ. ಕಾರಣ ಅವರು ಹೇಳುವುದಿಲ್ಲ, ನಮಗೆ ತಿಳಿಯುವುದಿಲ್ಲ.

ಗುಂಯ್:
ನನ್ನದು ಬೇರೆಯೇ ಕಥೆ. ನನಗೆ ಪೂರ್ತಿ ನಿಶ್ಶಬ್ದ ಬೇಡವೇ ಬೇಡ.

ಇಪ್ಪತ್ತರ ಹರೆಯದಲ್ಲಿ ಕಾರ್ಯಕ್ರಮ ಎಂದರೆ ಸ್ಪೀಕರ್ ಗೋಪುರದ ಬುಡದಲ್ಲೇ ನಿಲ್ಲಬೇಕು ಎಂಬ ಹಟ. ಎದೆಗೂಡು ನಡುಗಿದರೇನೇ ದುಡ್ಡು ವಸೂಲಿ. ಒಂದು ರಾತ್ರಿ ಮನೆಗೆ ಬಂದಾಗ ಕಿವಿಯೊಳಗೆ ಸಣ್ಣ ಸಿಳ್ಳೆ. ಬೆಳಗ್ಗೆ ಹೋಗುತ್ತದೆ ಎಂದುಕೊಂಡೆ. ಹತ್ತೊಂಬತ್ತು ವರ್ಷವಾಯಿತು. ನೀವು ಮೌನ ಎಂದು ಕರೆಯುವ ಜಾಗದಲ್ಲಿ ನನಗೆ ಕೇಳಿಸುವುದು ಅದೊಂದೇ. ಹಾಗಾಗಿ ನಾನು ಹುಡುಕುವುದು ಸಣ್ಣ ತೊರೆ. ಜಲಪಾತವಲ್ಲ, ಕಲ್ಲಿನ ಸಂದಿಯಲ್ಲಿ ನೀರು ಗೊಣಗಿಕೊಂಡು ಹೋಗುವಂಥದ್ದು. ಅದು ನನ್ನ ಸಿಳ್ಳೆಯ ಮೇಲೆ ತೆಳ್ಳಗೆ ಒಂದು ಹೊದಿಕೆ ಎಳೆಯುತ್ತದೆ. ಅಲ್ಲಿ ಕೂತರೆ ಹಕ್ಕಿಯ ದನಿಯೂ ಬಿಡಿಬಿಡಿಯಾಗಿ ಕೇಳಿಸುತ್ತದೆ.

ಕಛೇರಿಗೆ ಈಗಲೂ ಹೋಗುತ್ತೇನೆ. ಕಿವಿಗೆ ಪ್ಲಗ್ ಹಾಕಿಕೊಂಡು, ಹಿಂದಿನ ಸಾಲಿನಲ್ಲಿ. ಡೆಸಿಬಲ್ ಅವರು ಲೆಕ್ಕ ಹೇಳಲಿ, ಎಳೆಯರು ಯಾರಾದರೂ ಓದುತ್ತಿದ್ದರೆ ಉಪಯೋಗಕ್ಕೆ ಬಂದೀತು.

ಡೆಸಿಬಲ್:
ಕೆಲಸದ ಜಾಗಗಳಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿರುವ ಮಿತಿ ಹೀಗಿದೆ: 85 ಡೆಸಿಬಲ್ ಆದರೆ ದಿನಕ್ಕೆ 8 ಗಂಟೆ. ಮುಂದೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೇ ಹೋದರೆ 100ಕ್ಕೆ ಸುಮಾರು 15 ನಿಮಿಷ. ಸ್ಪೀಕರ್ ಗೋಪುರದ ಬುಡದಲ್ಲಿ 100 ದಾಟುವುದು ಮಾಮೂಲು, ಕಾರ್ಯಕ್ರಮ ನಡೆಯುವುದು ಎರಡು ಮೂರು ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆಂದೇ ಹೊರಡಿಸಿದ ಮಾನದಂಡದಲ್ಲಿ ಸರಾಸರಿ 100 ಡೆಸಿಬಲ್ ದಾಟಬಾರದು ಎಂದಿದೆ, ದಣಿದ ಕಿವಿಗೆ ಒಂದು ಸದ್ದಿಲ್ಲದ ಕೋಣೆಯೂ ಇರಬೇಕು ಎಂದಿದೆ. ನಾನು ಇಪ್ಪತ್ತೆರಡು ವರ್ಷದಿಂದ ವೇದಿಕೆಗಳಿಗೆ ಧ್ವನಿ ವ್ಯವಸ್ಥೆ ಮಾಡಿಕೊಡುತ್ತಿದ್ದೇನೆ. ಅಂಥ ಕೋಣೆಯನ್ನು ಇನ್ನೂ ಕಂಡಿಲ್ಲ.

ಹತ್ತಿಯ ಉಂಡೆ ತುರುಕಿಕೊಂಡರೆ ಸಾಕು ಎನ್ನುವವರಿದ್ದಾರೆ. ಸಾಲದು. ಸಂಗೀತಗಾರರಿಗೆಂದು ಮಾಡಿದ ಪ್ಲಗ್ ಸಿಗುತ್ತದೆ, ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ಇಳಿಸುತ್ತದೆ. ಹಾಡು ಕಂಬಳಿ ಹೊದ್ದಂತೆ ಕೇಳಿಸುವುದಿಲ್ಲ.

ಹಿಂದಿನ ಸಾಲು:
ಅಲೆಮಾರಿ ಕಿವಿಯವರ ಎರಡನೇ ಪ್ರಶ್ನೆಯನ್ನು ಎಲ್ಲರೂ ಮರೆತಂತಿದೆ. ನನಗೂ ಎರಡೂ ಚಟ ಇದೆ. ಅವೆರಡೂ ಒಂದೇ ಚಟ ಎಂದು ನನಗೆ ತಿಳಿದದ್ದು ಒಂದು ಸಂಜೆ ಕರೆಂಟ್ ಹೋದಾಗ.

ಮುನ್ನೂರು ಜನ ಕೂರುವ ಸಭಾಂಗಣ. ಹಾಡುಗಾರ್ತಿ ವಿಳಂಬದಲ್ಲಿ ಒಂದು ಸಾಲನ್ನು ನಿಧಾನಕ್ಕೆ ಬಿಡಿಸುತ್ತಿದ್ದರು. ತಟಕ್ಕನೆ ದೀಪ ಹೋಯಿತು, ಮೈಕ್ ಸತ್ತಿತು, ಫ್ಯಾನುಗಳು ತಿರುಗಿ ತಿರುಗಿ ನಿಂತವು. ಅವರು ನಿಲ್ಲಿಸಲಿಲ್ಲ. ಮೊದಲ ಅರ್ಧ ನಿಮಿಷ ಹಿಂದಿನ ಸಾಲಿನಲ್ಲಿದ್ದ ನನಗೆ ಏನೂ ಕೇಳಿಸಲಿಲ್ಲ. ಕುರ್ಚಿಗಳ ಕಿರುಗುಟ್ಟು, ಯಾರದೋ ಕೆಮ್ಮು, ಅಷ್ಟೇ. ಆಮೇಲೆ ಆದದ್ದನ್ನು ಹೇಗೆ ಹೇಳಲಿ? ಯಾರೂ "ಶ್" ಎನ್ನಲಿಲ್ಲ. ಪಕ್ಕದವರು ಕಾರ್ಯಕ್ರಮ ಪಟ್ಟಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು, ಕೈ ನಿಂತಿತು. ಮುಂದಿನವರು ಕುರ್ಚಿಯ ಅಂಚಿಗೆ ಜರುಗಿದರು. ಒಂದೊಂದೇ ಸದ್ದು ತಾನಾಗಿ ಹಿಂದೆ ಸರಿಯಿತು. ಆಗ ಮೊದಲು ಕೇಳಿಸಿದ್ದು ತಂಬೂರಿ. ಅದರ ಹಿಂದೆಯೇ ಅವರು ಉಸಿರು ಎಳೆದುಕೊಂಡದ್ದು, ಹಾಡಲ್ಲ, ಹಾಡಿಗೆ ಮುಂಚಿನ ಉಸಿರು. ಹದಿನೆಂಟನೇ ಸಾಲಿಗೆ ಕೇಳಿಸಿತು.

ಇಪ್ಪತ್ತು ನಿಮಿಷದ ಮೇಲೆ ಕರೆಂಟ್ ಬಂತು. ಸ್ಪೀಕರ್ "ಗೊಂಯ್" ಎಂದಿತು. ಸಭೆಯಲ್ಲಿ ಅರ್ಧ ಜನ "ಛೇ" ಎಂದರು. ನಾನೂ ಎಂದೆ. ನಿಮ್ಮ ಗುಡ್ಡದ ತುದಿಯಲ್ಲಿ ನಿಮಗೆ ಬೇಕಾಗಿದ್ದುದೂ ಅದೇ ಇಪ್ಪತ್ತು ನಿಮಿಷ ಎಂದು ನನ್ನ ಅನಿಸಿಕೆ.

ಡೆಸಿಬಲ್:
ಆ "ಗೊಂಯ್" ನನ್ನಂಥವನೊಬ್ಬನ ತಪ್ಪು. ಕರೆಂಟ್ ಹೋದ ತಕ್ಷಣ ಗುಂಡಿಗಳನ್ನು ಕೆಳಗೆ ಇಳಿಸಿಡಬೇಕಿತ್ತು.

ತಂತಿ ಬಿರಡೆ:
ಹಿಂದಿನ ಸಾಲು ಅವರೇ, ತಂಬೂರಿ ಮೊದಲು ಕೇಳಿಸಿತು ಎಂದಿರಲ್ಲ, ಅದಕ್ಕೊಂದು ಮಾತು. ತಂಬೂರಿಯ ಕುದುರೆಯ ಮೇಲೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ ಮೇಲೆ, ತಂತಿಯ ಕೆಳಗೆ ಒಂದು ಹತ್ತಿಯ ಎಳೆ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋದರೆ, ಒಂದು ಕಡೆ ತಂತಿ ಥಟ್ಟನೆ ಝೇಂಕರಿಸುತ್ತದೆ. ಅಷ್ಟು ಹೊತ್ತು ಮೊಂಡಾಗಿದ್ದ ತಂತಿಯಿಂದ ಮೇಲಿನ ಸ್ವರಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಆ ಜಾಗ ಕಣ್ಣಿಗೆ ಕಾಣುವುದಿಲ್ಲ, ಕಿವಿಗೇ ಸಿಗಬೇಕು. ಗದ್ದಲದಲ್ಲಿ ಸಿಗುವುದಿಲ್ಲ. ಪರದೆಯ ಹಿಂದೆ ಸಂಘಟಕರು ಕೂಗಾಡುತ್ತಿರುವಾಗ ನಾನು ಮೂತ್ರದ ಕೋಣೆಯ ಪಕ್ಕದ ಮೂಲೆಯಲ್ಲಿ ಕೂತು ಎಳೆ ಸರಿಸಿದ್ದೂ ಉಂಟು. ಇಡೀ ಕಟ್ಟಡದಲ್ಲಿ ಸದ್ದಿಲ್ಲದ ಜಾಗ ಅದೊಂದೇ ಇತ್ತು.

ಹಳೇ ರೇಡಿಯೊ:
ತಡವಾಗಿ ಬಂದೆ. ನಿಶ್ಶಬ್ದ ಬಯಲು, ಎದುರಿಗೇ ಸಂಗೀತ, ಎರಡೂ ಒಂದೇ ಕಡೆ ಕೂಡಿದ ಒಂದು ರಾತ್ರಿಯ ಕಥೆ ನನ್ನಲ್ಲಿದೆ. 1924ರ ಮೇ 19. ಇಂಗ್ಲೆಂಡಿನ ಸರೆ ಸೀಮೆಯ ಆಕ್ಸ್‌ಟೆಡ್‌ನಲ್ಲಿ ಬಿಯಾಟ್ರಿಸ್ ಹ್ಯಾರಿಸನ್ ಎಂಬ ಚೆಲ್ಲೊ ವಾದಕಿಯ ಮನೆಯ ತೋಟ. ಆಕೆ ರಾತ್ರಿ ತೋಟದಲ್ಲಿ ಕೂತು ಚೆಲ್ಲೊ ನುಡಿಸಿದರೆ ನೈಟಿಂಗೇಲ್ ಹಕ್ಕಿ ದನಿಗೂಡಿಸುತ್ತಿತ್ತಂತೆ. ಇದನ್ನು ಪ್ರಸಾರ ಮಾಡಿ ಎಂದು ಆಕೆ ಬಿಬಿಸಿಯ ಬೆನ್ನು ಹತ್ತಿದರು. ಹಕ್ಕಿ ಹಾಡದಿದ್ದರೆ ಏನು ಗತಿ ಎಂದು ಮೇಲಿನವರಿಗೆ ಅಳುಕು. ಕೊನೆಗೂ ಒಪ್ಪಿದರು. ಆಕೆ ನುಡಿಸಿದರು, ನುಡಿಸಿದರು, ಹಕ್ಕಿಯ ಸುಳಿವಿಲ್ಲ. ಪ್ರಸಾರ ಮುಗಿಯುತ್ತಾ ಬಂದಾಗ ಪೊದೆಯಿಂದ ದನಿ ಎದ್ದಿತು. ಜನ ಮರುಳಾದರು. ಪ್ರತಿ ವರ್ಷವೂ ಅದೇ ತೋಟದಿಂದ ಪ್ರಸಾರ ನಡೆಯತೊಡಗಿತು.

ಬೆಳಗಿನ ಜಾವ:
ಅದು ಹಕ್ಕಿಯೇ ಅಲ್ಲ, ಸಿಳ್ಳೆ ಹಾಕುವ ಕಲಾವಿದೆಯೊಬ್ಬರು ಎಂದು 2022ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತಲ್ಲ? ಓದಿ ಹೊಟ್ಟೆ ಉರಿದಿತ್ತು.

ಹಳೇ ರೇಡಿಯೊ:
ಬಂದಿತ್ತು. ಮೊದಲ ರಾತ್ರಿಯ ಬಗ್ಗೆ ಆ ವಾದ ಇದೆ, ಅಲ್ಲ ಎನ್ನುವವರೂ ಇದ್ದಾರೆ. ನನಗೆ ಅದಕ್ಕಿಂತ ಮುಖ್ಯವಾದದ್ದು 1942ರ ರಾತ್ರಿ. ಆಗ ಚೆಲ್ಲೊ ಇರಲಿಲ್ಲ, ಹ್ಯಾರಿಸನ್ ಆ ಮನೆ ಬಿಟ್ಟಾಗಿತ್ತು. ಹಕ್ಕಿ ಮಾತ್ರ. ಅದು ಹಾಡುತ್ತಿರುವಾಗ ದೂರದಿಂದ ಒಂದು ಗುನುಗು. ಜರ್ಮನಿಯ ಮ್ಯಾನ್‌ಹೈಮ್ ಕಡೆಗೆ ಹೊರಟ ಬಾಂಬರ್ ವಿಮಾನಗಳ ಸಾಲು. ಇದು ರೇಡಿಯೊದಲ್ಲಿ ಹೋದರೆ ಶತ್ರುವಿಗೆ ಮುನ್ಸೂಚನೆ ಕೊಟ್ಟಂತೆ ಎಂದು ತಂತ್ರಜ್ಞರು ತಕ್ಷಣ ಪ್ರಸಾರ ಕಡಿದರು. ಧ್ವನಿಮುದ್ರಣ ಮಾತ್ರ ನಡೆಯುತ್ತಲೇ ಇತ್ತು, ಈಗಲೂ ಉಳಿದಿದೆ. ವಿಮಾನಗಳ ಮೊರೆತ ಏರುತ್ತದೆ, ತೋಟವನ್ನೆಲ್ಲ ತುಂಬುತ್ತದೆ, ಇಳಿಯುತ್ತದೆ. ಹಕ್ಕಿ ಒಮ್ಮೆಯೂ ನಿಲ್ಲಿಸುವುದಿಲ್ಲ.

ಗುಂಯ್:
ಈಗ ಹುಡುಕಿ ಕೇಳಿದೆ. ಎರಡು ಸಲ.

ಡೆಸಿಬಲ್:
ಗದ್ದಲಕ್ಕೆ ಹಕ್ಕಿಗಳು ಹೊಂದಿಕೊಳ್ಳುತ್ತವೆ ಎಂಬುದನ್ನು ಅಳೆದಿದ್ದಾರೆ. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳ ಹಾಡನ್ನು ಮುದ್ರಿಸಿ 2003ರಲ್ಲಿ ವರದಿ ಮಾಡಿದರು. ಗದ್ದಲದ ಬೀದಿಯ ಹಕ್ಕಿಗಳು ತಮ್ಮ ಹಾಡಿನ ತಗ್ಗಿನ ಸ್ವರಗಳನ್ನೇ ಮೇಲಕ್ಕೆತ್ತಿಕೊಂಡಿದ್ದವು, ವಾಹನಗಳ ಗುಡುಗು ಇರುವುದು ಕೆಳಗಿನ ಸ್ವರಗಳಲ್ಲಿ ನೋಡಿ. 2020ರಲ್ಲಿ ಊರುಗಳು ಮುಚ್ಚಿದ್ದಾಗ ಸ್ಯಾನ್ ಫ್ರಾನ್ಸಿಸ್ಕೊದ ಗುಬ್ಬಚ್ಚಿ ಜಾತಿಯ ಹಕ್ಕಿಗಳು ದನಿ ತಗ್ಗಿಸಿ ಹಾಡಿದವು, ಆದರೂ ಮೊದಲಿಗಿಂತ ದೂರಕ್ಕೆ ಕೇಳಿಸಿದವು.

ಬೆಳಗಿನ ಜಾವ:
ಹಕ್ಕಿಗಳಿಗಾದರೂ ಒಂದು ಸಲ ಬಿಡುವು ಸಿಕ್ಕಿತು. ಅಮೆರಿಕದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಹೋ ಮಳೆಕಾಡಿನಲ್ಲಿ ಗಾರ್ಡನ್ ಹೆಂಪ್ಟನ್ ಎಂಬುವರು 2005ರ ಭೂದಿನದಂದು ಪಾಚಿ ಕಟ್ಟಿದ ಒಂದು ಮರದ ದಿಮ್ಮಿಯ ಮೇಲೆ ಸಣ್ಣ ಕೆಂಪು ಕಲ್ಲು ಇಟ್ಟರು. ಒಂದು ಚದರ ಅಂಗುಲವನ್ನು ಮನುಷ್ಯರ ಸದ್ದಿನಿಂದ ಕಾಪಾಡಿದರೆ ಸುತ್ತಲಿನ ಮೈಲುಗಟ್ಟಲೆ ಕಾಡೂ ಉಳಿದೀತು ಎಂಬ ಲೆಕ್ಕ. ಅಲ್ಲಿಗೂ ವಿಮಾನದ ಕಾಟ ತಪ್ಪಿಲ್ಲ. ಅವರ ಸಂಸ್ಥೆ 2019ರಲ್ಲಿ ಈಕ್ವಡಾರ್‌ನ ಝಬಾಲೊ ನದಿಯ ಸೀಮೆಯನ್ನು ಜಗತ್ತಿನ ಮೊದಲ ನಿಶ್ಶಬ್ದ ವನ ಎಂದು ಗುರುತಿಸಿತು, ಅದು ಕೊಫಾನ್ ಜನರ ನೆಲ. ಒಳ್ಳೆಯ ಕೆಲಸವೇ. ಆದರೂ ಒಂದು ಅಳುಕು. ಇಲ್ಲಿ ಸದ್ದಿಲ್ಲ ಎಂದು ಫಲಕ ಹಾಕಿದ ಮೇಲೆ ಎಷ್ಟು ದಿನ ಹಾಗೇ ಇದ್ದೀತು? ಅದಕ್ಕೇ ನನ್ನ ಹಳ್ಳ ಎಲ್ಲಿದೆ ಎಂದು ಖಾಸಗಿಯಾಗಿ ಕೇಳಿದ ಮೂವರಿಗೂ ಇಲ್ಲೇ ಉತ್ತರ: ಹೇಳುವುದಿಲ್ಲ.

ಪೆಟ್ಟಿಗೆ ಹೊತ್ತವನು:
ಮೂವರಲ್ಲಿ ನಾನೊಬ್ಬ. ಸ್ಪೀಕರ್ ತರುವುದಿಲ್ಲ ಎಂದೂ ಬರೆದಿದ್ದೆ!

ಹಿಂದಿನ ಸಾಲು:
ಬಯಲಲ್ಲೇ ಕಛೇರಿ ಕೇಳಬೇಕೆಂದರೆ ಗ್ರೀಸ್‌ನ ಎಪಿಡಾರಸ್ ರಂಗಮಂದಿರದ ಹಾಗಿರಬೇಕು ಎನ್ನುತ್ತಾರಲ್ಲ. ನಡುವೆ ನಾಣ್ಯ ಬಿದ್ದರೆ ಮೇಲಿನ ಕೊನೆಯ ಮೆಟ್ಟಿಲಿಗೆ ಕೇಳಿಸುತ್ತದಂತೆ. ನಿಜವೇ?

ಡೆಸಿಬಲ್:
ಅರ್ಧ ನಿಜ. 2017ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ವಿಶ್ವವಿದ್ಯಾಲಯದವರು ಅಲ್ಲಿ ಸಾವಿರಾರು ಅಳತೆ ತೆಗೆದರು. ನಾಣ್ಯ ಬಿದ್ದದ್ದು ಮೇಲಿನವರೆಗೂ ಗೊತ್ತಾಗಬಹುದು, ಆದರೆ ಅದು ನಾಣ್ಯ ಎಂದು ಗುರುತಿಸಲು ಅರ್ಧ ಎತ್ತರದವರೆಗೆ ಮಾತ್ರ ಸಾಧ್ಯ. ಪಿಸುಮಾತು ಅಷ್ಟು ದೂರ ಹೋಗುವುದಿಲ್ಲ. ಆದರೆ ಆ ಸುಣ್ಣಕಲ್ಲಿನ ಮೆಟ್ಟಿಲುಗಳು ತಗ್ಗಿನ ಗುನುಗನ್ನು ಅಡಗಿಸಿ ಮಾತಿನ ಮೇಲಿನ ಸ್ವರಗಳನ್ನು ಉಳಿಸಿಕೊಡುತ್ತವೆ ಎಂದು 2007ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ಗಾಳಿಯ ಸದ್ದು, ಜನರ ಗುಜುಗುಜು ಎಲ್ಲವೂ ತಗ್ಗಿನವು.

ಅಲೆಮಾರಿ ಕಿವಿ:
ಮೂರು ವಾರವಾಯಿತು, ಒಪ್ಪಿಸಬೇಕಾದ ವರದಿಯೊಂದಿದೆ.

ಮೊನ್ನೆ ಮಂಗಳವಾರ ರಜೆ ಹಾಕಿ ಅದೇ ಗುಡ್ಡಕ್ಕೆ ಹೋದೆ. ತುದಿಗೆ ಮುಂಚೆಯೇ ಹಿಂಬದಿಗೆ ಹೊರಳಿದೆ. ಬಿಸಿಲೇರಿ ಎರಡು ಗಂಟೆಯಾಗಿತ್ತು. ಒಂದು ಬಂಡೆಯ ನೆರಳಲ್ಲಿ ಕೂತೆ. ಮೊದಲ ಹತ್ತು ನಿಮಿಷ ನನ್ನದೇ ಉಸಿರು, ನನ್ನದೇ ಚೀಲದ ಸರಸರ. ಆಮೇಲೆ ಒಣ ಎಲೆಯ ಮೇಲೆ ಯಾವುದೋ ಹುಳ ನಡೆಯುವುದು ಕೇಳಿಸಿತು. ಹುಳ ಕಾಣಲಿಲ್ಲ, ನಡೆಯುವುದಷ್ಟೇ ಕೇಳಿಸಿತು.

ಅಷ್ಟರಲ್ಲಿ ಕೆಳಗಿನಿಂದ ಕೊಳಲು. ಧ್ವನಿಮುದ್ರಣವಲ್ಲ, ಯಾರೋ ಕಲಿಯುವವರು. ಒಂದೇ ಸಾಲು, ಒಂದೇ ಕಡೆ ಎಡವುವುದು, ಮತ್ತೆ ಮೊದಲಿನಿಂದ. ಆ ದಿನದಂತೆ ಮೈ ಉರಿಯಬೇಕಿತ್ತು. ಉರಿಯಲಿಲ್ಲ. ಎಡವುವ ಜಾಗ ಹತ್ತಿರ ಬಂದಾಗಲೆಲ್ಲ ನಾನು ಉಸಿರು ಹಿಡಿಯುತ್ತಿದ್ದೆ. ಎಣಿಸಿದೆ, ಹದಿನಾಲ್ಕು ಸಲ. ಹದಿನೈದನೆಯದಕ್ಕೆ ದಾಟಿಬಿಟ್ಟರು. ದಾಟಿದ ಕೂಡಲೇ ಕೊಳಲು ನಿಂತಿತು, ಅವರಿಗೇ ನಂಬಿಕೆ ಬರಲಿಲ್ಲವೇನೋ. ಇಳಿದು ಹೋಗಿ ನೋಡಲಿಲ್ಲ. ಈ ಸಲ ನೀರು ಕುಡಿದೆ.

ಅಕ್ಕನಿಗೆ ಹೇಳಿದೆ. "ಸರಿ, ಈಗ ಸದ್ದು ಬೇಕೋ ಬೇಡವೋ?" ಎಂದಳು.

ತಂತಿ ಬಿರಡೆ:
ಎಡವುತ್ತಿದ್ದದ್ದು ಮೇಲಕ್ಕೆ ಹೋಗುವಾಗಲೋ, ಇಳಿಯುವಾಗಲೋ?

ಅಲೆಮಾರಿ ಕಿವಿ:
ಇಳಿಯುವಾಗ.

ತಂತಿ ಬಿರಡೆ:
ಹೌದು, ಇಳಿಯುವಾಗಲೇ.